ಮನೆಗೊಂದು ಸದ್ದಿಲ್ಲದ ಮಗ್ಗುಲು: ಊರಿನ ಗದ್ದಲ ಅಳೆದು ತಗ್ಗಿಸುವ ದಾರಿ

ಮೊದಲು ಒಂದು ಸಣ್ಣ ಕೆಲಸ ಮಾಡಿ. ರಸ್ತೆ ಕಡೆಯ ಕಿಟಕಿ ಹತ್ತಿರ ಎರಡು ನಿಮಿಷ ಸುಮ್ನೆ ನಿಲ್ಲಿ. ಆಮೇಲೆ ಮನೆಯ ಹಿಂಬದಿಗೆ ಹೋಗಿ ಅಲ್ಲೂ ಎರಡು ನಿಮಿಷ ನಿಲ್ಲಿ. ಮನೆ ಒಂದೇ, ರಸ್ತೆ ಒಂದೇ, ಓಡಾಡುವ ಗಾಡಿಗಳೂ ಅವೇ. ಆದರೂ ಬಹಳ ಮನೆಗಳಲ್ಲಿ ಹಿಂದೆ ಹೋದ ಕೂಡಲೇ ಕಿವಿ ಹಗುರಾಗುತ್ತದೆ. ಹಾಗೆ ಆಗದಿದ್ದರೆ ಅದೂ ಒಂದು ಸುಳಿವೇ. ಎಷ್ಟು ಸದ್ದು ಹುಟ್ಟುತ್ತದೆ ಅನ್ನುವುದರ ಜೊತೆಗೆ, ಗೋಡೆಗಳು ಎಲ್ಲಿವೆ, ಸಂದುಗಳು ಎಲ್ಲಿವೆ, ಯಾವ ಬೀದಿಗೆ ಯಾರು ನುಗ್ಗುತ್ತಾರೆ ಅನ್ನುವುದೂ ನಮ್ಮ ನಿದ್ದೆಯನ್ನು ತೀರ್ಮಾನಿಸುತ್ತದೆ.

ಒಂದು ಶಾಲೆಯ ಕಥೆ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ರೈಲಿನ ಪಕ್ಕದಲ್ಲೇ ಒಂದು ಪ್ರಾಥಮಿಕ ಶಾಲೆ ಇತ್ತು. ಮನಶ್ಶಾಸ್ತ್ರಜ್ಞೆ ಆರ್ಲಿನ್ ಬ್ರಾನ್ಜಾಫ್ಟ್ ಅಲ್ಲಿನ ಮಕ್ಕಳ ಓದಿನ ಅಂಕಗಳನ್ನು ಹೋಲಿಸಿ 1975ರಲ್ಲಿ ಪ್ರಕಟಿಸಿದರು. ಹಳಿಯ ಕಡೆಯ ಕೋಣೆಗಳಲ್ಲಿ ಕೂರುವ ಮಕ್ಕಳು, ಆರನೇ ತರಗತಿ ಹೊತ್ತಿಗೆ, ಅದೇ ಕಟ್ಟಡದ ಆಚೆ ಬದಿಯ ಮಕ್ಕಳಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಹಿಂದೆ ಬಿದ್ದಿದ್ದರು. ಮುಂದೆ ಹಳಿಗಳ ಕೆಳಗೆ ರಬ್ಬರ್ ಪಟ್ಟಿ ಹಾಕಿದರು, ತರಗತಿಗಳ ಸೂರಿಗೆ ಸದ್ದು ಹೀರುವ ಹಲಗೆ ಹೊಡೆದರು. ಮತ್ತೆ ನೋಡಿದಾಗ ಆ ಅಂತರ ಇರಲಿಲ್ಲ. ಆ ಒಂದು ವರ್ಷದ ಹಿನ್ನಡೆಗೆ ಮಕ್ಕಳು ಕಾರಣರಾಗಿರಲಿಲ್ಲ. ಅವರು ಕೂತ ಬದಿ ಕಾರಣವಾಗಿತ್ತು.

ಮಧ್ಯಮ ಗಾತ್ರದ ಊರುಗಳಿಗೆ ಈ ವಿಷಯದಲ್ಲಿ ಒಂದು ತೊಂದರೆ ಇದೆ, ಒಂದು ಅನುಕೂಲವೂ ಇದೆ. ತೊಂದರೆ ಏನೆಂದರೆ ಎರಡು ಮೂರು ರಸ್ತೆಗಳೇ ಊರಿನ ಎಲ್ಲ ಭಾರ ಹೊರುತ್ತವೆ. ಎಷ್ಟೋ ಕಡೆ ಹೆದ್ದಾರಿಯೇ ಪೇಟೆ ನಡುವೆ ಹಾದು ಹೋಗುತ್ತದೆ. ಅನುಕೂಲ ಏನೆಂದರೆ ಊರು ಕೈಗೆಟುಕುವಷ್ಟು ಚಿಕ್ಕದು. ಇಡೀ ಊರಿನ ಸದ್ದಿನ ನಕ್ಷೆಯನ್ನು ಕೆಲವೇ ಜನ ಸೇರಿ ಬರೆಯಬಹುದು. ಗಾಡಿಗಳನ್ನು ಸುತ್ತುದಾರಿಯಲ್ಲಿ ಕಳಿಸಿದರೂ ಆ ಸುತ್ತು ಬಹಳ ದೊಡ್ಡದಾಗುವುದಿಲ್ಲ.

ಹೆಜ್ಜೆ 1: ಫೋನ್ ತೆಗೆಯುವ ಮೊದಲು ನೋಟ್‌ಬುಕ್ ತೆಗೆಯಿರಿ

ಒಂದು ಕೆಲಸದ ದಿನ, ಒಂದು ರಜಾ ದಿನ ಆರಿಸಿಕೊಳ್ಳಿ. ಬೆಳಗ್ಗೆ ಜನ ಹೊರಡುವ ಹೊತ್ತು, ಸಂಜೆ, ಆಮೇಲೆ ಮಲಗುವ ಹೊತ್ತು. ಪ್ರತಿ ಸಲ ಹದಿನೈದು ನಿಮಿಷ ಕೂತು ಕೇಳಿಸಿದ್ದನ್ನೆಲ್ಲ ಬರೆಯಿರಿ. ‘ಟ್ರಾಫಿಕ್ ಗಲಾಟೆ’ ಅಂತ ಒಟ್ಟಾಗಿ ಬರೆದರೆ ಏನೂ ಸಿಗುವುದಿಲ್ಲ. ಯಾವ ಗಾಡಿ, ಏನು ಮಾಡುವಾಗ, ಯಾವ ಜಾಗದಲ್ಲಿ ಅಂತ ಬರೆಯಬೇಕು. ಗೇರ್ ಇಳಿಸಿ ಏರು ಹತ್ತುವ ಲಾರಿ. ಹಂಪ್ ಮೇಲೆ ಕುಣಿಯುವ ಖಾಲಿ ಟ್ರಕ್ಕು. ಎಂಜಿನ್ ಆರಿಸದೆ ನಿಂತ ಬಸ್ಸು. ಪಕ್ಕದ ಕಟ್ಟಡದ ಎಸಿ ಯಂತ್ರ.

ಹೀಗೆ ಬರೆಯುವಾಗಲೇ ನನಗೆ ನನ್ನ ಶತ್ರು ಯಾರೆಂದು ಗೊತ್ತಾಗಿದ್ದು. ವರ್ಷಗಟ್ಟಲೆ ‘ಲಾರಿಗಳಿಂದ ನಿದ್ದೆ ಇಲ್ಲ’ ಎಂದು ಹೇಳಿಕೊಂಡು ತಿರುಗಿದ್ದೆ. ಕೂತು ಕೇಳಿದರೆ ಲಾರಿ ಬರುವ ಸದ್ದು ಅಷ್ಟೇನೂ ಜಾಸ್ತಿ ಇರಲಿಲ್ಲ. ಅದು ಮನೆ ಮುಂದೆ ಬಂದಾಗ ‘ಧಡಕ್’ ಅನ್ನುತ್ತಿತ್ತು. ಮರುಕ್ಷಣ ಇನ್ನೊಂದು ‘ಧಡಕ್’. ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಒಂದು. ಬೆಳಗ್ಗೆ ಹೋಗಿ ನೋಡಿದೆ. ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ಚೌಕಟ್ಟಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಒಂದು ಅಂಚನ್ನು ಕಾಲಲ್ಲಿ ಒತ್ತಿದರೆ ಎದುರಿನ ಅಂಚು ಮೇಲೇಳುತ್ತಿತ್ತು. ಸವೆದ ಕಡೆ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ಮುಚ್ಚಳದ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಹೆಜ್ಜೆ 2: ಈಗ ಅಳೆಯಿರಿ, ಆದರೆ ಲೆಕ್ಕ ಅರ್ಥ ಮಾಡಿಕೊಂಡು

ಸದ್ದು ಅಳೆಯುವ ಆ್ಯಪ್‌ಗಳು ಸಿಗುತ್ತವೆ. ಫೋನಿನಿಂದ ಫೋನಿಗೆ ಕೆಲವು ಡೆಸಿಬಲ್ ವ್ಯತ್ಯಾಸ ಬರುತ್ತದೆ, ಹಾಗಾಗಿ ಕೊನೆವರೆಗೂ ಒಂದೇ ಫೋನ್ ಬಳಸಿ. ಅದು ತೋರಿಸುವ ಅಂಕಿಗಿಂತ ಎರಡು ಜಾಗಗಳ ನಡುವಿನ ಅಂತರವೇ ನಿಮಗೆ ಮುಖ್ಯ. ಆ್ಯಪ್‌ನಲ್ಲಿ ‘ಎ’ ತೂಕ ಅನ್ನುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ನಮ್ಮ ಕಿವಿ ಕೇಳುವ ರೀತಿಗೆ ಅದು ಹತ್ತಿರ. ಗೋಡೆಯಿಂದ ಕನಿಷ್ಠ ಒಂದು ಮೀಟರ್ ದೂರ ನಿಂತು, ಎದೆ ಎತ್ತರದಲ್ಲಿ ಕೈ ಚಾಚಿ ಹಿಡಿಯಿರಿ. ಗೋಡೆಗೆ ಅಂಟಿ ನಿಂತರೆ ವಾಪಸ್ ಬರುವ ಸದ್ದೂ ಸೇರಿ ಸುಮಾರು 3 ಡೆಸಿಬಲ್ ಹೆಚ್ಚು ತೋರಿಸಬಹುದು. ಗಾಳಿ ಬೀಸುವಾಗ ಅಳೆಯಬೇಡಿ. ಹದಿನೈದು ನಿಮಿಷದ ಸರಾಸರಿ ಮತ್ತು ಅತಿ ಹೆಚ್ಚು ಮುಟ್ಟಿದ ಅಂಕಿ, ಎರಡನ್ನೂ ಬರೆದಿಡಿ. ನಮ್ಮ ಮನೆ ಮುಂದಿನ ಮುಚ್ಚಳ ಸರಾಸರಿಯಲ್ಲಿ ಕಾಣಿಸಿಯೇ ಇರಲಿಲ್ಲ. ನಿದ್ದೆ ಕೆಡಿಸುತ್ತಿದ್ದದ್ದು ಮಾತ್ರ ಅದೇ.

ಹೋಲಿಸಿ ನೋಡಲು ಕೆಲವು ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಯೊಳಗೆ ಸರಾಸರಿ 30, ಒಂದೊಂದು ಸದ್ದು 45 ಡೆಸಿಬಲ್ ಮೀರಬಾರದು ಎಂದಿತು. ಅದರ ಯುರೋಪ್ ವಿಭಾಗ 2018ರಲ್ಲಿ ರಸ್ತೆ ಸದ್ದಿಗೆ ಮನೆಯ ಹೊರಗೆ ಹಗಲು ರಾತ್ರಿ ಸೇರಿದ ಇಡೀ ದಿನದ ಸರಾಸರಿಗೆ ಮಿತಿ 53, ರಾತ್ರಿಗೆ ಮಾತ್ರ ಬೇರೆಯಾಗಿ 45 ಎಂದು ಸಲಹೆ ಕೊಟ್ಟಿತು. ಆ ಇಡೀ ದಿನದ ಲೆಕ್ಕದಲ್ಲಿ ಸಂಜೆಯ ಸದ್ದಿಗೆ 5, ರಾತ್ರಿಯ ಸದ್ದಿಗೆ 10 ಡೆಸಿಬಲ್ ಕೂಡಿಸುತ್ತಾರೆ, ಯಾಕೆಂದರೆ ಅದೇ ಸದ್ದು ರಾತ್ರಿ ಹೆಚ್ಚು ಕಾಡುತ್ತದೆ. ನಿಮ್ಮ ದೇಶದ ಕಾನೂನಿನ ಮಿತಿ ಬೇರೆ ಇರಬಹುದು. ದೂರು ಕೊಡುವಾಗ ಅದನ್ನೇ ಮುಂದಿಡಿ.

ಇನ್ನು ಡೆಸಿಬಲ್ ಲೆಕ್ಕ. ದಯವಿಟ್ಟು ಇದನ್ನು ಹಾರಿಸಿ ಮುಂದೆ ಹೋಗಬೇಡಿ, ಊರಿನ ರಸ್ತೆಗಳನ್ನು ಹೇಗೆ ಜೋಡಿಸಬೇಕು ಅನ್ನುವುದರ ಗುಟ್ಟು ಇದರಲ್ಲೇ ಇದೆ. ಡೆಸಿಬಲ್ ಸಾಮಾನ್ಯ ಕೂಡುವ ಕಳೆಯುವ ಅಂಕಿ ಅಲ್ಲ. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಸುಮಾರು ದುಪ್ಪಟ್ಟಾದ ಹಾಗೆ ಕೇಳಿಸುತ್ತದೆ. ಒಂದು ರಸ್ತೆಯಲ್ಲಿ ಗಾಡಿಗಳು ಅರ್ಧಕ್ಕೆ ಇಳಿದರೆ, ಅದೂ ಅದೇ ವೇಗದಲ್ಲಿ, ಇಳಿಯುವುದು ಬರೀ 3 ಡೆಸಿಬಲ್. ಕಿವಿಗೆ ಅಷ್ಟಿಷ್ಟು ಗೊತ್ತಾಗುತ್ತದೆ, ಅಷ್ಟೇ. ಸದ್ದು ಅರ್ಧವಾದಂತೆ ಅನ್ನಿಸಬೇಕಾದರೆ ಹತ್ತರಲ್ಲಿ ಒಂಬತ್ತು ಗಾಡಿ ಹೋಗಬೇಕು.

ಈ ಲೆಕ್ಕವನ್ನು ಎರಡು ರಸ್ತೆಗಳಿಗೆ ಹಚ್ಚಿ ನೋಡಿ. ಒಂದು ಮುಖ್ಯರಸ್ತೆ, ದಿನಕ್ಕೆ 10,000 ಗಾಡಿ. ಪಕ್ಕದ ಓಣಿಯಲ್ಲಿ 1,000. ಸಿಗ್ನಲ್ ತಪ್ಪಿಸಲು ಓಣಿಗೆ ನುಗ್ಗುವ 900 ಗಾಡಿಗಳನ್ನು ಮುಖ್ಯರಸ್ತೆಗೇ ವಾಪಸ್ ಕಳಿಸಿದಿರಿ ಅಂದುಕೊಳ್ಳಿ. ಮುಖ್ಯರಸ್ತೆಯಲ್ಲಿ ಏರುವುದು ಅರ್ಧ ಡೆಸಿಬಲ್‌ಗಿಂತ ಕಡಿಮೆ, ಯಾರ ಕಿವಿಗೂ ಗೊತ್ತಾಗದು. ಓಣಿಯಲ್ಲಿ ಇಳಿಯುವುದು 10 ಡೆಸಿಬಲ್. ಒಂದೇ ಒಂದು ಗಾಡಿ ಕಡಿಮೆಯಾಗಲಿಲ್ಲ, ಆದರೂ ಒಂದು ಇಡೀ ಓಣಿ ಚೆನ್ನಾಗಿ ಮಲಗಿತು! ‘ಟ್ರಾಫಿಕ್ಕನ್ನು ಎಲ್ಲ ಬೀದಿಗಳಿಗೂ ಸಮನಾಗಿ ಹಂಚೋಣ’ ಅನ್ನುವ ಮಾತು ಕೇಳಲು ನ್ಯಾಯ ಅನ್ನಿಸುತ್ತದೆ. ಸದ್ದಿನ ಲೆಕ್ಕದಲ್ಲಿ ಅದು ಎಲ್ಲರ ನಿದ್ದೆಯನ್ನೂ ಕೆಡಿಸುವ ದಾರಿ.

ಹಾಗಾದರೆ ಮುಖ್ಯರಸ್ತೆಯಲ್ಲಿ ಇರುವವರ ಗತಿ? ಅವರನ್ನು ಅವರ ಪಾಡಿಗೆ ಬಿಡುವಂತಿಲ್ಲ. ವೇಗದ ಮಿತಿ, ಒಳ್ಳೆಯ ಡಾಂಬರು, ಸದ್ದು ತಡೆಯುವ ಕಿಟಕಿ ಹಾಕಿಸಲು ನೆರವು, ಇವೆಲ್ಲ ಮೊದಲು ಸಿಗಬೇಕಾದ್ದು ಅವರಿಗೇ.

ಹೆಜ್ಜೆ 3: ಬಡಾವಣೆಯ ಸದ್ದಿನ ನಕ್ಷೆ ಬರೆಯಿರಿ

ಒಂದು ದೊಡ್ಡ ಹಾಳೆ ಮೇಲೆ ರಸ್ತೆಗಳನ್ನೂ ಕಟ್ಟಡಗಳನ್ನೂ ಬರೆಯಿರಿ. ನಾಲ್ಕೈದು ಮನೆಯವರು ಜಾಗ ಹಂಚಿಕೊಂಡು ಅಳೆದರೆ ಒಂದು ವಾರದಲ್ಲಿ ಮುಗಿಯುತ್ತದೆ. ಸದ್ದು ಹುಟ್ಟುವ ಜಾಗಗಳನ್ನು ಕೆಂಪಲ್ಲಿ, ಶಾಂತವಾಗಿರುವ ಜಾಗಗಳನ್ನು ಹಸಿರಲ್ಲಿ ಗುರುತು ಮಾಡಿ. ಹಸಿರು ಗುರುತು ಮರೆಯಬೇಡಿ. ಬಹಳ ಜನ ಕೆಂಪು ಮಾತ್ರ ಹಾಕಿ ನಿಲ್ಲಿಸುತ್ತಾರೆ. ಇರುವ ಶಾಂತ ಜಾಗ ಉಳಿಸಿಕೊಳ್ಳುವುದು ಕಳೆದುಕೊಂಡದ್ದನ್ನು ವಾಪಸ್ ತರುವುದಕ್ಕಿಂತ ಎಷ್ಟೋ ಸುಲಭ.

ನಡೆಯುವಾಗ ಒಂದು ಪ್ರಯೋಗ ಮಾಡಿ. ಮುಖ್ಯರಸ್ತೆಯಿಂದ ಅಡ್ಡ ಓಣಿಗೆ ತಿರುಗಿ. ಮೂಲೆಯ ಕಟ್ಟಡ ನಿಮಗೂ ರಸ್ತೆಗೂ ಅಡ್ಡ ಬಂದ ಕೂಡಲೇ ಸದ್ದು ಕುಸಿಯುತ್ತದೆ. ಹತ್ತು ಹೆಜ್ಜೆ ಮುಂದೆ ಎರಡು ಕಟ್ಟಡಗಳ ನಡುವೆ ಸಂದು ಬಂದರೆ ಅದೇ ಸದ್ದು ಮತ್ತೆ ಒಳಗೆ ನುಗ್ಗುತ್ತದೆ. ಗೇಟು ತೆಗೆದು ಹಾಕಿದಷ್ಟು ಸ್ಪಷ್ಟ! ಈ ಸಂದುಗಳನ್ನು ನಕ್ಷೆಯಲ್ಲಿ ಬಾಣದ ಗುರುತಿನಿಂದ ತೋರಿಸಿ.

ಬರೀ ದೂರ ನಂಬಿಕೊಂಡರೆ ಮೋಸ ಹೋಗುತ್ತೀರಿ. ಒಂದೇ ಕಡೆ ನಿಂತ ಜನರೇಟರಿನಿಂದ ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಆದರೆ ಸದಾ ಗಾಡಿ ಹರಿಯುವ ರಸ್ತೆ ಉದ್ದಕ್ಕೆ ಚಾಚಿದ ಸದ್ದು. ಅಲ್ಲಿ ದೂರ ಎರಡರಷ್ಟಾದರೂ ಇಳಿಯುವುದು ಸುಮಾರು 3 ಮಾತ್ರ. ಮನೆಯನ್ನು ರಸ್ತೆಯಿಂದ 10 ಮೀಟರ್ ದೂರದ ಬದಲು 20 ಮೀಟರ್ ದೂರದಲ್ಲಿ ಕಟ್ಟಿದರೆ ಸಿಗುವ ಲಾಭ ಅಷ್ಟೇ. ಸಂದಿಲ್ಲದ ಒಂದು ಕಟ್ಟಡದ ಸಾಲು ಅಡ್ಡ ಬಂದರೆ ಅದರ ಹಿಂದೆ 10 ಡೆಸಿಬಲ್‌ಗೂ ಹೆಚ್ಚು ಇಳಿಯುತ್ತದೆ.

ದೂರದ ಹೆದ್ದಾರಿಯೋ ರೈಲೋ ರಾತ್ರಿ ಮಾತ್ರ ಕೇಳಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನದು ಬೆಚ್ಚಗೆ ಉಳಿಯುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗೆ ಇಳಿಯುತ್ತದೆ. ಆದ್ದರಿಂದ ರಾತ್ರಿ ಒಮ್ಮೆ ಅಳೆಯದೆ ನಕ್ಷೆ ಮುಗಿಸಬೇಡಿ.

ಹೆಜ್ಜೆ 4: ಒಂದು ದಿನದಲ್ಲಿ ಸರಿಹೋಗುವ ಕೆಲಸಗಳು

ಸಡಿಲ ಮುಚ್ಚಳಗಳು. ರಸ್ತೆ ಅಗೆದು ಮುಚ್ಚಿದ ಕಡೆ ಉಳಿದ ಏರುತಗ್ಗು. ಅಡಿಗೆ ರಬ್ಬರ್ ಇಲ್ಲದೆ ಗೋಡೆಗೆ ಬಿಗಿದ ಎಸಿ ಯಂತ್ರ. ಕಿಟಕಿ ಕೆಳಗಿಟ್ಟ ಜನರೇಟರ್. ಬಸ್ಸುಗಳು ಎಂಜಿನ್ ಚಾಲೂ ಇಟ್ಟು ಕಾಯುವ ಜಾಗ. ನಸುಕಿನಲ್ಲಿ ಸರಕು ಇಳಿಸುವ ಹೊತ್ತು. ಇವುಗಳಿಗೆ ಯೋಜನೆ ಬೇಡ, ಒಬ್ಬರು ಹಿಂದೆ ಬಿದ್ದು ಮಾಡಿಸಿದರೆ ಸಾಕು.

ಹಂಪ್ ಬಗ್ಗೆ ಎಚ್ಚರ. ವೇಗ ತಗ್ಗಿಸಲು ಹಾಕಿದ ಹಂಪೇ ಹೊಸ ಸದ್ದಿಗೆ ಕಾರಣವಾಗಬಹುದು. ಬ್ರೇಕು, ಗೇರು, ಖಾಲಿ ಲಾರಿಯ ಗಡಗಡ, ಮತ್ತೆ ಎಕ್ಸಿಲರೇಟರ್. ಮಲಗುವ ಕೋಣೆಗಳ ಎದುರು ಹಂಪ್ ಕೇಳಬೇಡಿ. ರಸ್ತೆಯನ್ನು ಕಿರಿದು ಮಾಡಿದರೂ ವೇಗ ಇಳಿಯುತ್ತದೆ, ಗಾಡಿ ಒಂದೇ ಸಮನೆ ಸಾಗುತ್ತದೆ.

ಹೆಜ್ಜೆ 5: ಮನೆಯನ್ನೇ ಒಳಗಿಂದ ತಿರುಗಿಸಿ

ಕಾಸು ಖರ್ಚಿಲ್ಲದ ಮೊದಲ ಕೆಲಸ, ಮಲಗುವ ಕೋಣೆ ಬದಲಿಸುವುದು. ರಸ್ತೆ ಕಡೆಗೆ ಅಡುಗೆಮನೆ, ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ. ಹಿಂಬದಿಗೆ ಹಾಸಿಗೆ, ಮಕ್ಕಳ ಓದುವ ಮೇಜು. ಸಣ್ಣ ಮನೆಯಲ್ಲಿ ಇದು ಕಷ್ಟವೇ. ಒಬ್ಬರಿಗೆ ಮಾತ್ರ ಸಾಧ್ಯವಾದರೆ ಆ ಜಾಗ ಓದುವ ಮಗುವಿಗೋ ಹುಷಾರಿಲ್ಲದವರಿಗೋ ಇರಲಿ.

ಆಮೇಲೆ ಸಂದುಗಳನ್ನು ಹುಡುಕಿ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ದಪ್ಪ ಇರಲಿ, ಆ ಗೋಡೆ ಒಟ್ಟಾರೆ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲಾರದು. ಕತ್ತಲಾದ ಮೇಲೆ ಕಿಟಕಿ ಮುಚ್ಚಿ, ಒಬ್ಬರು ಹೊರಗಿಂದ ಚೌಕಟ್ಟಿನ ಸುತ್ತ ಟಾರ್ಚ್ ಹಿಡಿಯಲಿ. ಬೆಳಕು ಒಳಗೆ ಕಂಡ ಕಡೆಯೆಲ್ಲ ಸದ್ದೂ ಬರುತ್ತದೆ. ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸಿ. ಪರದೆಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಕೋಣೆಯ ಒಳಗಿನ ಮಾರ್ದನಿ ಮಾತ್ರ ಕಡಿಮೆಯಾಗುತ್ತದೆ. ಎರಡನೇ ಕಿಟಕಿ ಹಾಕಿಸುವುದಾದರೆ ಎರಡು ಗಾಜುಗಳ ನಡುವೆ ಒಂದು ಗೇಣಿನ ಹತ್ತಿರ ಜಾಗ ಬಿಡಿಸಿ. ಅಂಟಿಕೊಂಡ ಎರಡು ಗಾಜಿಗಿಂತ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಮುಚ್ಚಿದ ಕಿಟಕಿಯೊಳಗೆ ಗಾಳಿ ಬೇಕಲ್ವಾ? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಪ್ರತಿ ಮನೆಗೂ, ನಿರ್ಭಯವಾಗಿ ಕಿಟಕಿ ತೆರೆದು ಮಲಗಬಹುದಾದ ಒಂದು ಮಗ್ಗುಲು ಬೇಕು. ಇಡೀ ಊರನ್ನು ನಿಶ್ಶಬ್ದ ಮಾಡಿ ಅಂತ ಯಾರೂ ಕೇಳುವುದಿಲ್ಲ. ಊರು ಅಂದಮೇಲೆ ಸದ್ದಿರಬೇಕು. ಮನೆಗೊಂದು ಸದ್ದಿಲ್ಲದ ಮಗ್ಗುಲು ಕೇಳುವುದು ಮಾತ್ರ ಅತಿಯಾಸೆ ಅಲ್ಲ. ಅದನ್ನು ನಾವು ನಮ್ಮ ಗೋಡೆಯೊಳಗೆ ಕೂತು ಕಟ್ಟಲಾರೆವು. ಬೀದಿಯ ಜೋಡಣೆಯೇ ಅದನ್ನು ಕೊಡಬೇಕು.

ಹೆಜ್ಜೆ 6: ಗೋಡೆ, ಮರ, ಕಟ್ಟಡ: ಯಾವುದನ್ನು ಕೇಳಬೇಕು?

ಸಭೆಗಳಲ್ಲಿ ಮೊದಲು ಬರುವ ಸಲಹೆ ‘ಮರ ನೆಡೋಣ’. ಮರ ನೆಡಿ, ನೂರು ಕಾರಣಕ್ಕೆ ನೆಡಿ. ಆದರೆ ಒಂದು ಸಾಲು ಮರ ಸದ್ದನ್ನು ಹೆಚ್ಚು ತಡೆಯುವುದಿಲ್ಲ. ಹತ್ತಾರು ಮೀಟರ್ ಅಗಲದ ದಟ್ಟ ಪೊದೆ ಮರಗಳ ಪಟ್ಟಿ ಇದ್ದರೆ ಮಾತ್ರ ಅಳತೆಗೆ ಸಿಗುವಷ್ಟು ಇಳಿಯುತ್ತದೆ. ಮರದ ಬುಡದ ಮೆತ್ತನೆ ಮಣ್ಣು, ಹುಲ್ಲು ಒಂದಿಷ್ಟು ಸದ್ದು ಹೀರುತ್ತವೆ. ಕಾಂಕ್ರೀಟು ವಾಪಸ್ ಎಸೆಯುತ್ತದೆ.

ತಡೆಗೋಡೆ ಕೆಲಸ ಮಾಡುತ್ತದೆ, ಷರತ್ತುಗಳಿವೆ. ಕಿಟಕಿಯಿಂದ ನೋಡಿದರೆ ಗಾಡಿಯ ಚಕ್ರ, ಎಂಜಿನ್ ಕಾಣಿಸಬಾರದು. ಕಾಣಿಸದಂತೆ ಮರೆಯಾದ ಕೂಡಲೇ ಸುಮಾರು 5 ಡೆಸಿಬಲ್ ಇಳಿಯುತ್ತದೆ, ಗೋಡೆ ಇನ್ನೂ ಎತ್ತರವಾದರೆ ಇನ್ನೂ ಇಳಿಯುತ್ತದೆ. ಗೋಡೆ ಸದ್ದಿಗೆ ಹತ್ತಿರ ಇರಬೇಕು, ಇಲ್ಲ ಕೇಳುವವರಿಗೆ ಹತ್ತಿರ ಇರಬೇಕು. ನಟ್ಟನಡುವೆ ನಿಂತ ಗೋಡೆಯ ಪ್ರಯೋಜನ ಕಡಿಮೆ. ಮೂರನೇ ಮಹಡಿಯವರಿಗೆ ಬೀದಿಯ ಗೋಡೆಯಿಂದ ಏನೂ ಸಿಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ತಡೆಗೋಡೆ ಕಟ್ಟಡವೇ. ಹೊಸ ಬಡಾವಣೆಯ ನಕ್ಷೆ ಜನರ ಮುಂದೆ ಬಂದಾಗ ಇದನ್ನೇ ನೋಡಿ. ದೊಡ್ಡ ರಸ್ತೆಯ ಉದ್ದಕ್ಕೆ ಅಂಗಡಿ, ಕಚೇರಿ, ಗೋದಾಮುಗಳು ಸಂದಿಲ್ಲದೆ ಸಾಲಾಗಿ ನಿಂತಿವೆಯಾ? ಮನೆಗಳು ಅವುಗಳ ಹಿಂದೆ ಇವೆಯಾ? ಶಾಲೆಯ ಆಟದ ಮೈದಾನ ರಸ್ತೆ ಕಡೆ, ತರಗತಿಗಳು ಒಳಗಡೆ ಇವೆಯಾ? ನಾಲ್ಕು ಬದಿ ಕಟ್ಟಡ, ನಡುವೆ ಅಂಗಳ ಇರುವ ಜೋಡಣೆ ನನಗೆ ಬಹಳ ಇಷ್ಟ. ಒಂದೊಂದು ಮನೆಗೂ ಒಂದು ಮಗ್ಗುಲು ತಾನಾಗೇ ಸಿಗುತ್ತದೆ. ಆದರೆ ಆ ಅಂಗಳಕ್ಕೆ ಎಸಿ ಯಂತ್ರ, ಪಾರ್ಕಿಂಗ್ ಬಂದರೆ ಕಥೆ ಮುಗಿಯಿತು, ನಾಲ್ಕು ಗೋಡೆಗಳ ನಡುವೆ ಸದ್ದು ಪುಟಿಯುತ್ತಲೇ ಇರುತ್ತದೆ. ಎರಡೂ ಬದಿ ಎತ್ತರದ ಕಟ್ಟಡ ಇರುವ ಇಕ್ಕಟ್ಟಿನ ಬೀದಿಗೂ ಇದೇ ತೊಂದರೆ.

ಹೆಜ್ಜೆ 7: ಊರಿನ ಮಟ್ಟದಲ್ಲಿ ಕೇಳಬೇಕಾದ್ದು

ಕೇಳಬೇಕಾದ್ದು ಎರಡು. ಹಾದುಹೋಗುವ ಗಾಡಿ ಒಳಬೀದಿಗೆ ಬರಬಾರದು. ಬಂದ ಗಾಡಿ ನಿಧಾನ ಹೋಗಬೇಕು.

ಮೊದಲನೆಯದಕ್ಕೆ ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್ ಹಳೆಯ ಉದಾಹರಣೆ. 1977ರಲ್ಲಿ ಅವರು ಊರಿನ ನಡುಭಾಗವನ್ನು ನಾಲ್ಕು ಪಾಲು ಮಾಡಿದರು. ಕಾರಿನಲ್ಲಿ ಯಾವ ಪಾಲಿಗಾದರೂ ಹೋಗಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ನೇರ ದಾರಿ ಇಲ್ಲ. ಹೊರಗಿನ ಸುತ್ತುರಸ್ತೆಗೆ ಬಂದೇ ಹೋಗಬೇಕು. ನಡೆಯುವವರಿಗೆ, ಸೈಕಲ್ಲಿಗೆ ಮಾತ್ರ ನೇರ ದಾರಿ. ಬೆಲ್ಜಿಯಂನ ಘೆಂಟ್ 2017ರಲ್ಲಿ ಇದೇ ಬಗೆಯ ಯೋಜನೆ ತಂದಿತು. ಸ್ಪೇನಿನ ವಿಟೋರಿಯಾ-ಗಾಸ್ಟೀಜ್ ಸುಮಾರು ಎರಡೂವರೆ ಲಕ್ಷ ಜನರ ಊರು. ಅಲ್ಲಿ ಕೆಲವು ಬೀದಿಗಳ ಗುಂಪನ್ನು ಒಂದು ದೊಡ್ಡ ಚೌಕ ಅಂತ ಹಿಡಿದು ಒಳಗೆ ಹಾದುಹೋಗುವ ಗಾಡಿಗಳನ್ನು ನಿಲ್ಲಿಸಿದರು. ಮುಖ್ಯ ಚೌಕದಲ್ಲಿ ಸದ್ದು 66.5ರಿಂದ 61 ಡೆಸಿಬಲ್‌ಗೆ ಇಳಿಯಿತು.

ಎರಡನೆಯದಕ್ಕೆ ಆಸ್ಟ್ರಿಯಾದ ಗ್ರಾಜ್ ನೋಡಿ. 1992ರಲ್ಲೇ ದೊಡ್ಡ ರಸ್ತೆಗಳನ್ನು ಬಿಟ್ಟು ಊರಿಗೆಲ್ಲ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿತು. 50ರಿಂದ 30ಕ್ಕೆ ಇಳಿದರೆ ಸದ್ದು ಸುಮಾರು 3 ಡೆಸಿಬಲ್ ತಗ್ಗುತ್ತದೆ, ಅರ್ಧದಷ್ಟು ಗಾಡಿಗಳನ್ನು ತೆಗೆದ ಹಾಗೆ. ‘ಎಲೆಕ್ಟ್ರಿಕ್ ಗಾಡಿ ಬಂದರೆ ಎಲ್ಲ ಸರಿಹೋಗುತ್ತೆ’ ಅನ್ನುವವರಿಗೆ ಒಂದು ಮಾತು. ವೇಗ ಹೆಚ್ಚಾದಂತೆ ಕಾರಿನ ಎಂಜಿನ್ ಸದ್ದಿಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಜಾಸ್ತಿ. ಓಣಿಯಲ್ಲಿ, ಸಿಗ್ನಲ್ಲಿನಲ್ಲಿ ಎಲೆಕ್ಟ್ರಿಕ್ ಗಾಡಿ ವರವೇ. ಹೆದ್ದಾರಿಯ ಭೋರೆನ್ನುವ ಸದ್ದು ಅದರಿಂದ ಹೆಚ್ಚೇನೂ ಇಳಿಯುವುದಿಲ್ಲ.

ಹೆಜ್ಜೆ 8: ಬರೆದು ಕೇಳಿ, ಮತ್ತೆ ಅಳೆಯಿರಿ

ಮನವಿ ಒಂದೇ ಪುಟ ಇರಲಿ. ನಕ್ಷೆ, ಅಳತೆಯ ದಿನ ಮತ್ತು ಹೊತ್ತು, ಕೇಳುವ ಒಂದೇ ಒಂದು ಬದಲಾವಣೆ. ‘ಶಬ್ದಮಾಲಿನ್ಯ ತಡೆಯಿರಿ’ ಅಂತ ಬರೆದರೆ ಅದು ಯಾರ ಮೇಜಿನ ಕೆಲಸವೂ ಆಗುವುದಿಲ್ಲ. ‘ಈ ಓಣಿಯ ಈ ತುದಿಯಲ್ಲಿ ಗಾಡಿ ಒಳಬರದಂತೆ ಕಂಬ ನೆಡಿ, ಆರು ತಿಂಗಳು ನೋಡೋಣ’ ಅಂತ ಬರೆದರೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ತುರ್ತು ಗಾಡಿಗಳು ಬರಲು ತೆಗೆಯಬಹುದಾದ ಕಂಬ ಅಂತಲೂ ಸೇರಿಸಿ. ಓಣಿಯ ಅಂಗಡಿಯವರ ಜೊತೆ ಮೊದಲೇ ಕೂತು ಮಾತಾಡಿ, ಅವರ ಸರಕಿನ ಗಾಡಿಗೆ ಒಂದು ಹೊತ್ತು ಗೊತ್ತು ಮಾಡಿ. ಬದಲಾವಣೆ ಆದ ಮೇಲೆ ಅದೇ ಜಾಗ, ಅದೇ ಹೊತ್ತು, ಅದೇ ಫೋನಿನಿಂದ ಇನ್ನೊಮ್ಮೆ ಅಳೆಯಿರಿ.

ನಮ್ಮ ಮನೆ ಮುಂದಿನ ಮುಚ್ಚಳಕ್ಕೆ ಮೊದಲು ಎರಡು ದೂರು ಕೊಟ್ಟಿದ್ದೆ, ಉತ್ತರ ಬರಲಿಲ್ಲ. ಮೂರನೇ ಸಲ ನೋಟ್‌ಬುಕ್ಕಿನ ಆ ಪುಟವನ್ನೇ ಲಗತ್ತಿಸಿದೆ: ರಾತ್ರಿ ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವ ಅಂಚು ಮೇಲೇಳುತ್ತದೆ. ಇಬ್ಬರು ಬಂದು ಮುಚ್ಚಳ ಎತ್ತಿದರು, ಚೌಕಟ್ಟಿನ ಕೆಸರು ಕೆರೆದರು, ಸುತ್ತ ರಬ್ಬರ್ ಇಟ್ಟು ಮತ್ತೆ ಕೂರಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಅವತ್ತು ರಾತ್ರಿ ನೋಟ್‌ಬುಕ್ ಹಿಡಿದು ಕಿಟಕಿ ಹತ್ತಿರ ಕೂತೆ. ಲಾರಿ ಬಂತು, ಹೋಯಿತು. ಬರೆಯಲು ಏನೂ ಇರಲಿಲ್ಲ.